ಗ್ಲಾಸು ತೊಳೆಯುವ ಕೈಗೆ ಪಾಟಿ ಕೊಡೋಣ

ಬನಹಟ್ಟಿಯ ಸಹೋದರಿಗೆ,

ಪೇಟೆಯ ಚಹಾದಂಗಡಿಯಲ್ಲಿ ಗ್ಲಾಸು ತೊಳೆದು ತೊಳೆದು ಹನ್ನೊಂದರ ಹುಡುಗನ ಬೆರಳು ಬೆಳ್ಳಗೆ ಸುಕ್ಕುಗಟ್ಟಿವೆ ಎಂದಿದ್ದೀರಿ. ಓದಿ ಕರುಳು ಚುರುಕ್ಕೆಂದಿತು. ದೂರು ಕೊಟ್ಟರೆ ಆ ಮನೆಯವರ ಅನ್ನಕ್ಕೆ ಕಲ್ಲು ಬೀಳುತ್ತದೆಯೇ ಎಂಬ ನಿಮ್ಮ ಅಳುಕೂ ಸಹಜ.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಂತೆ 14 ತುಂಬದವರನ್ನು ಕೂಲಿಗಿಡುವುದು ಅಪರಾಧ. ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, 20ರಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಹಾಜರಿ ಪುಸ್ತಕವೇ ಇಲ್ಲದ ಅಂಗಡಿಗೆ ಅಧಿಕಾರಿ ಬಂದೊಡನೆ ಹುಡುಗ ಮಾಲೀಕನ ‘ಅಕ್ಕನ ಮಗ’ನಾಗುತ್ತಾನೆ. ಬಿಡಿಸಿ ತಂದರೂ, ಹೆತ್ತವರ ಮಗ್ಗದ ಕೂಲಿಯಲ್ಲಿ ಮನೆಯ ಕೈಗಡ ತೀರದಿದ್ದರೆ ಮತ್ತೆ ಅದೇ ಬಕೆಟ್ಟು.

ಆದ್ದರಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅಲ್ಲಿಗೇ ನಿಲ್ಲಬೇಡಿ. ತಾಯಿಯ ಜೊತೆ ಕೂತು ಅಂಗಡಿಯವನಿಂದ ಮುಂಗಡ ಪಡೆದಿದ್ದಾರೆಯೇ ಎಂದು ಕೇಳಿ. ಅವರೊಂದಿಗೆ ಶಾಲೆಗೆ ಹೋಗಿ. ಶಿಕ್ಷಣ ಹಕ್ಕು ಕಾಯ್ದೆಯಡಿ ವಯಸ್ಸಿಗೆ ತಕ್ಕ ತರಗತಿ, ವಿಶೇಷ ತರಬೇತಿ ಅವನ ಹಕ್ಕು. ಮೊದಲ ತಿಂಗಳು ದಿನವೂ ವಿಚಾರಿಸಿ. ಮಕ್ಕಳು ಜಾರುವುದು ಆಗಲೇ.