ರೂಪಾಯಿ ಇಳಿದಾಗ ಬೆಳೆಗಾರನ ಲೆಕ್ಕ



ಡಾಲರಿನ ದರ ಏರಿದರೆ ಕಾಫಿ ಬೆಳೆಗಾರನಿಗೆ ಲಾಭವೇ ತಾನೆ ಎಂದು ಹಲವರು ಕೇಳುವುದುಂಟು. ಲಾಭ ಹೌದು; ಆದರೆ ಅದು ಅರ್ಧ ಲೆಕ್ಕ. ಉಳಿದರ್ಧ ತಿಳಿಯಬೇಕಾದರೆ 1991ನೇ ಇಸವಿಯನ್ನು ನೆನೆಯಬೇಕು.

ದೇಶವು ಆಮದಿಗೆ ತೆರುವ ಹಣ, ಹೊರಗಿನ ಸಾಲದ ಬಡ್ಡಿ ಒಂದು ಕಡೆ. ರಫ್ತಿನ ಗಳಿಕೆ, ಪರದೇಶದಲ್ಲಿ ದುಡಿಯುವವರು ಊರಿಗೆ ಕಳಿಸುವ ಹಣ ಇನ್ನೊಂದು ಕಡೆ. ಇದೇ ಸ್ಥೂಲವಾಗಿ ಚಾಲ್ತಿ ಖಾತೆ. ಕೊರತೆ ಬಂದರೆ ಸಾಲದಿಂದಲೋ, ಹೊರಗಿನ ಬಂಡವಾಳದಿಂದಲೋ, ಕೂಡಿಟ್ಟ ವಿದೇಶಿ ವಿನಿಮಯದಿಂದಲೋ ತುಂಬಬೇಕು. ಕೊರತೆಯೆಲ್ಲ ಕೆಟ್ಟದ್ದಲ್ಲ. ಗಿಡ ನೆಡಲು ಮಾಡಿದ ಸಾಲಕ್ಕೂ ಮದುವೆಗೆ ಮಾಡಿದ ಸಾಲಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತಿದ್ದದ್ದೇ.

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ತೈಲದ ಬೆಲೆ ಏರಿತು. ಅನಿವಾಸಿಗಳು ಠೇವಣಿ ಹಿಂದಕ್ಕೆ ಪಡೆಯತೊಡಗಿದರು. ಆ ವರ್ಷದ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 3ರಷ್ಟು. ವಿನಿಮಯ ನಿಧಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳಿಸಿ ಅಡವಿಟ್ಟಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದಲೂ ಸಾಲ ಪಡೆಯಲಾಯಿತು.

ಆದರೆ ಅಡವಿನಿಂದ ಸಿಗುವುದು ಸಮಯ ಮಾತ್ರ. ಕೊರತೆ ತಗ್ಗಬೇಕಾದರೆ ದೇಶ ತನ್ನ ಖರ್ಚು ಬಿಗಿಹಿಡಿಯಬೇಕು, ಇಲ್ಲವೇ ತನ್ನ ಹಣದ ಬೆಲೆ ಇಳಿಸಿ ಆಮದನ್ನು ದುಬಾರಿಯೂ ರಫ್ತನ್ನು ಅಗ್ಗವೂ ಆಗಿಸಬೇಕು. ಸರ್ಕಾರ ಎರಡನ್ನೂ ಮಾಡಿತು. ಜುಲೈ 1 ಮತ್ತು 3ರಂದು ರೂಪಾಯಿಯ ಅಪಮೌಲ್ಯವಾಗಿ, 21 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರು 26ರ ಹತ್ತಿರಕ್ಕೆ ಬಂತು. ಮರುವರ್ಷವೇ ಕೊರತೆ ಶೇಕಡಾ 1ಕ್ಕಿಂತ ಕೆಳಗಿಳಿಯಿತು. ಇದು ರಫ್ತು ಹೆಚ್ಚಿದ್ದರಿಂದಲ್ಲ. ಡಾಲರ್ ಲೆಕ್ಕದಲ್ಲಿ ಆ ವರ್ಷ ರಫ್ತು ತುಸು ತಗ್ಗಿಯೇ ಇತ್ತು. ಆಮದನ್ನು ಹಿಂಡಿದ್ದರಿಂದ ಖಾತೆ ಸರಿಹೋಯಿತು, ಕಾರ್ಖಾನೆಗಳು ಸೊರಗಿದವು. ಬೆಲೆ ಬದಲಾದೊಡನೆ ಬೆಳೆ ಹೆಚ್ಚುವುದಿಲ್ಲ. ಇಂದು ನೆಟ್ಟ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕಲ್ಲವೇ?

ನಮಗೇನಾಯಿತು? 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಕೋಟಾ ಮುರಿದುಬಿದ್ದು ಧಾರಣೆ ಕುಸಿದಿತ್ತು. ರೂಪಾಯಿ ಇಳಿದದ್ದು ಆ ಪೆಟ್ಟನ್ನು ಸ್ವಲ್ಪ ತಗ್ಗಿಸಿತು, ಅಷ್ಟೆ. ಆಗ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿದ್ದುದರಿಂದ ಆ ಲಾಭವೂ ಕಂತುಕಂತಾಗಿ, ತಡವಾಗಿ ಕೈಸೇರಿತು. ಖರ್ಚು ಮಾತ್ರ ಕಾಯಲಿಲ್ಲ. ಅದೇ ಜುಲೈ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆ ಏರಿತು. ಪ್ರತಿಭಟನೆಯ ನಂತರ ಏರಿಕೆಯನ್ನು ಶೇಕಡಾ 40ರಿಂದ 30ಕ್ಕೆ ತಗ್ಗಿಸಿ ಸಣ್ಣ ರೈತರಿಗೆ ವಿನಾಯಿತಿ ಕೊಟ್ಟರು. 1992ರ ಆಗಸ್ಟಿನಲ್ಲಿ ರಂಜಕ, ಪೊಟ್ಯಾಷುಗಳ ಬೆಲೆ ನಿಯಂತ್ರಣವೇ ಹೋಯಿತು. ಪೊಟ್ಯಾಷ್ ಪೂರ್ತಿ ಹೊರದೇಶದ್ದು. ಡಾಲರ್ ಏರಿದರೆ ಅದರ ಬಿಸಿ ನಮ್ಮ ಗೊಬ್ಬರದ ಚೀಲಕ್ಕೂ ತಟ್ಟುತ್ತದೆ.

ಅಡಿಕೆಯ ಕಥೆ ಬೇರೆ. ಅದು ಬಹುಪಾಲು ದೇಶದೊಳಗೇ ಖರ್ಚಾಗುವ ಮಾಲು. ಅಲ್ಲಿ ನಮಗೆ ಮುಖ್ಯವಾದದ್ದು ಡಾಲರಿಗಿಂತ ಕನಿಷ್ಠ ಆಮದು ಬೆಲೆ. 2023ರಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಈ ಬೆಲೆಯೂ ಲೆಕ್ಕಕ್ಕಿಲ್ಲ, ವಿನಿಮಯ ದರವೂ ಅಡ್ಡ ಬರುವುದಿಲ್ಲ.