ಹೆಪಟೈಟಿಸ್ ಬಿ: ಒಂದು ಪರೀಕ್ಷೆಗೆ ಮುಗಿಯುವ ಕೆಲಸವಲ್ಲ

ಕಾಮಾಲೆ ಎಂದ ಕೂಡಲೇ ನಮಗೆ ನೆನಪಾಗುವುದು ಹಳದಿ ಕಣ್ಣು, ಪಥ್ಯ, ನಾಟಿ ಔಷಧಿ. ಆದರೆ ಹೆಪಟೈಟಿಸ್ ಬಿ ವೈರಸ್ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಯಕೃತ್ತಿನಲ್ಲಿ ಉಳಿಯಬಲ್ಲದು. ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ 25.4 ಕೋಟಿ ಜನರಲ್ಲಿ ಈ ದೀರ್ಘಕಾಲದ ಸೋಂಕು ಇತ್ತು.

ನಿರಾಶ್ರಿತರಲ್ಲಿ ಏಕೆ ಹೆಚ್ಚು?

ಈ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ವಯಸ್ಕರಿಗೆ ತಗುಲಿದರೆ ಬಹುತೇಕರು ಗುಣವಾಗುತ್ತಾರೆ. ಹುಟ್ಟುವಾಗಲೇ ತಗುಲಿದ ನೂರು ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ಉಳಿದುಬಿಡುತ್ತದೆ. ಹುಟ್ಟಿದ ಊರಿನಲ್ಲಿ ಲಸಿಕೆ ಸಿಗದವರು ತಿಳಿಯದೆಯೇ ಸೋಂಕಿನೊಂದಿಗೆ ಹೊಸ ಊರಿಗೆ ಬಂದಿರುತ್ತಾರೆ.

ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. 2016ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಸೋಂಕು ಕಂಡುಬಂದಿತ್ತು. ನಮ್ಮ ದೇಶದ ಸರಾಸರಿ 3ರಿಂದ 4 ಎನ್ನಲಾಗುತ್ತದೆ.

ಮೂರು ರಕ್ತಪರೀಕ್ಷೆಗಳು

1. ಎಚ್‌ಬಿಎಸ್‌ಎಜಿ: ಪಾಸಿಟಿವ್ ಎಂದರೆ ಈಗ ಸೋಂಕಿದೆ. 6 ತಿಂಗಳ ನಂತರವೂ ಹಾಗೆಯೇ ಇದ್ದರೆ ಅದು ದೀರ್ಘಕಾಲದ ಸೋಂಕು.
2. ಆಂಟಿ-ಎಚ್‌ಬಿಎಸ್: ಲಸಿಕೆಯಿಂದಲೋ ಗುಣವಾದುದರಿಂದಲೋ ಬಂದ ರಕ್ಷಣೆಯನ್ನು ತೋರಿಸುತ್ತದೆ.
3. ಆಂಟಿ-ಎಚ್‌ಬಿಸಿ: ಈಗ ಅಥವಾ ಹಿಂದೆ ಸೋಂಕು ತಗುಲಿದ್ದರ ಗುರುತು. ಲಸಿಕೆಯಿಂದ ಇದು ಬರುವುದಿಲ್ಲ.

ಮೂರೂ ನೆಗೆಟಿವ್ ಆದವರು 0, 1 ಮತ್ತು 6ನೇ ತಿಂಗಳಲ್ಲಿ ಲಸಿಕೆ ಪಡೆಯಬೇಕು.

ಪಾಸಿಟಿವ್ ಬಂದ ಮೇಲೆ

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಯಕೃತ್ತಿನ ಪರೀಕ್ಷೆ, ವೈರಸ್ ಪ್ರಮಾಣದ ಪರೀಕ್ಷೆ ಆಗಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಆದರೆ ಬೇಡವಾದವರೂ 6ರಿಂದ 12 ತಿಂಗಳಿಗೊಮ್ಮೆ ತಪಾಸಣೆಗೆ ಹೋಗಲೇಬೇಕು. ಟೆನೊಫೊವಿರ್‌ನಂತಹ ಮಾತ್ರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ. ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ. ಮನೆಯವರಿಗೂ ಪರೀಕ್ಷೆ ಆಗಬೇಕು. ತಾಯಿಗೆ ಸೋಂಕಿದ್ದರೆ ಮಗುವಿಗೆ 24 ಗಂಟೆಯೊಳಗೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೊಡಬೇಕು.

ಊರು ಬದಲಾದವರು ತಪ್ಪಿಹೋಗುವುದು ಈ ಹಂತದಲ್ಲೇ. ಭಾಷೆ ಬಾರದು, ದಿನಗೂಲಿ ಬಿಡಲಾಗದು, ರಿಪೋರ್ಟ್ ಒಂದು ಊರಲ್ಲಿ, ಮನುಷ್ಯ ಇನ್ನೊಂದು ಊರಲ್ಲಿ. ಅವರ ಭಾಷೆಯಲ್ಲೇ ವಿವರಿಸುವವರು, ಕೈಯಲ್ಲೊಂದು ಆರೋಗ್ಯ ಕಾರ್ಡ್, ಮುಂದಿನ ತಾರೀಖು ನೆನಪಿಸುವ ಒಂದು ಫೋನ್ ಕರೆ ಇದ್ದರೆ ಈ ಕೊಂಡಿ ಕಳಚುವುದಿಲ್ಲ.

ನಮ್ಮ ಮಲೆನಾಡಿನಲ್ಲಿ

ಮೂಡಿಗೆರೆ, ಕಳಸದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಮುಂತಾದ ಕಡೆಯಿಂದ ಬಂದ ಕಾರ್ಮಿಕರಿದ್ದಾರೆ. ಅವರು ನಿರಾಶ್ರಿತರಲ್ಲ, ಅವರಲ್ಲಿ ಸೋಂಕು ಹೆಚ್ಚು ಎಂದೂ ಇದರ ಅರ್ಥವಲ್ಲ. ಆದರೆ ಕೊಯ್ಲು ಮುಗಿದೊಡನೆ ಊರು ಬಿಡುವವರಿಗೆ ಚಿಕಿತ್ಸೆ ಮುಂದುವರಿಸುವ ಕಷ್ಟ ಒಂದೇ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಇದನ್ನು ಅವರಿಗೆ ತಿಳಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ.

ನೆನಪಿಡಿ: ಒಟ್ಟಿಗೆ ಉಂಡರೆ, ಕೈಕುಲುಕಿದರೆ, ಆಲಿಂಗಿಸಿದರೆ ಇದು ಹರಡುವುದಿಲ್ಲ. ಕ್ಷೌರದ ಬ್ಲೇಡ್, ಹಿಜಾಮದ ಬ್ಲೇಡ್, ಸೂಜಿ ಮಾತ್ರ ಪ್ರತಿಯೊಬ್ಬರಿಗೂ ಹೊಸದೇ ಇರಬೇಕು. ದೂರವಿಡಬೇಕಾದ್ದು ಸೋಂಕನ್ನು, ಸೋಂಕಿತರನ್ನಲ್ಲ.