ದೊಡ್ಡ ಟ್ಯೂಬಾ: ಕೊಳ್ಳುವ ಮುನ್ನ

ಜಿನನಾಥಪುರದ ಶಾಂತಿನಾಥ ಬಸದಿಯನ್ನು ನೋಡಿದವರಿಗೆ ಅದರ ಹೊರಗೋಡೆಯ ವಾದಕರ ಹಾಗೂ ನರ್ತಕಿಯರ ಶಿಲ್ಪಗಳು ನೆನಪಿರಬಹುದು. ಕ್ರಿ.ಶ. 1200ರ ಸುಮಾರಿನ ಆ ಕಲ್ಲಿನ ಮೇಳದಲ್ಲಿಲ್ಲದ ವಾದ್ಯವೊಂದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅದೇ ಊರಿನ ನನ್ನ ಗೆಳೆಯರು ಕೂಡಿ ಬ್ಯಾಂಡು ಕಟ್ಟಿದ್ದಾರೆ. ತುತ್ತೂರಿ, ಕ್ಲಾರಿಯೋನೆಟ್, ಡ್ರಮ್ಮುಗಳಿವೆ, ತಳಸ್ಥಾಯಿಗೆ ಆಧಾರವಿಲ್ಲ. ದೊಡ್ಡ ಟ್ಯೂಬಾ ಒಂದು ಬೇಕು. ಕೈಯಲ್ಲಿರುವುದು ಚಂದಾ ಹಣ. ನುಡಿಸುವುದು ವರ್ಷಕ್ಕೆ ನಾಲ್ಕಾರು ಮೆರವಣಿಗೆಗಳಲ್ಲಿ ಮಾತ್ರ. ಇಂಥವರು ಯಾವುದನ್ನು ಆರಿಸಬೇಕು?

ಟ್ಯೂಬಾ ಹಿತ್ತಾಳೆ ವಾದ್ಯಗಳಲ್ಲೆಲ್ಲ ಅತ್ಯಂತ ತಗ್ಗಿನ ದನಿಯುಳ್ಳದ್ದು. 1835ರಲ್ಲಿ ಬರ್ಲಿನ್ ನಗರದ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಎಂಬವರು ಇದಕ್ಕೆ ಪೇಟೆಂಟ್ ಪಡೆದರು. ಇ-ಫ್ಲ್ಯಾಟ್ ಟ್ಯೂಬಾದ ಕೊಳವೆ ಸುಮಾರು 13 ಅಡಿ. ದೊಡ್ಡದಾದ ಬಿ-ಫ್ಲ್ಯಾಟ್ ಟ್ಯೂಬಾದ್ದು ಸುಮಾರು 18 ಅಡಿ. ಬಯಲಿನಲ್ಲಿ ನಡೆಯುವ ಮೇಳಕ್ಕೆ ಎರಡನೆಯದರ ಗಾಂಭೀರ್ಯವೇ ಒಪ್ಪುತ್ತದೆ. ಆದರೆ ಅದು ಉಸಿರನ್ನೂ ತೋಳಿನ ಬಲವನ್ನೂ ಹೆಚ್ಚಾಗಿ ಬೇಡುತ್ತದೆ. ನುಡಿಸುವವನು ಅದನ್ನು ಹೊತ್ತು ನಾಲ್ಕು ಹೆಜ್ಜೆ ನಡೆದು ನೋಡದೆ ಹಣ ಕೊಡಬಾರದು.

ವಾಲ್ವುಗಳು ಮೂರಿರಬೇಕೋ ನಾಲ್ಕಿರಬೇಕೋ? ಒಂದನೆಯ ಮತ್ತು ಮೂರನೆಯ ವಾಲ್ವುಗಳನ್ನು ಕೂಡಿ ಒತ್ತಿದಾಗ ಸ್ವರ ತುಸು ಏರುತ್ತದೆ. ನಾಲ್ಕನೆಯದು ಆ ದೋಷವನ್ನು ತಿದ್ದುತ್ತದೆ, ಇನ್ನೂ ಕೆಳಗಿನ ಸ್ವರಗಳನ್ನು ಕೊಡುತ್ತದೆ, ಬೆಲೆಯನ್ನೂ ಏರಿಸುತ್ತದೆ. ಸಾಧಾರಣ ಮೆರವಣಿಗೆಯ ಗತ್ತಿಗೆ ಮೂರೇ ಸಾಕು.

ಆದರೆ ಮುಖ್ಯವಾದ ಮಾತು ಬೇರೆಯೇ ಇದೆ. ಅಪರೂಪಕ್ಕೆ ನುಡಿಸುವ ವಾದ್ಯವು ದುಡಿದು ಸವೆಯುವುದಕ್ಕಿಂತ ಸುಮ್ಮನೆ ಕುಳಿತು ಕೆಡುವುದೇ ಹೆಚ್ಚು. ಒಳಗೆ ಉಳಿದ ತೇವದಿಂದ ವಾಲ್ವುಗಳು ಕಚ್ಚಿಕೊಳ್ಳುತ್ತವೆ. ಆದುದರಿಂದ ನಾವೇ ಕೈಯಿಂದ ಬಿಚ್ಚಿ ತೊಳೆಯಬಹುದಾದ ಪಿಸ್ಟನ್ ವಾಲ್ವಿನದೇ ಲೇಸು. ರೋಟರಿ ವಾಲ್ವನ್ನು ಬಿಚ್ಚಲು ನುರಿತ ಕೈ ಬೇಕು. ಅಂಥವರು ಹಳ್ಳಿಯಲ್ಲಿ ಸಿಗುವುದು ಕಷ್ಟ.

ನಮ್ಮ ದೇಶದಲ್ಲಿ ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಮೀರತ್ ನಗರ ಹೆಸರಾಗಿದೆ. ಹೊಸದಕ್ಕೆ ಹಣ ಸಾಲದಿದ್ದರೆ ಹಳೆಯದನ್ನು ಪರೀಕ್ಷಿಸಿ ಕೊಳ್ಳಬಹುದು. ವಾಲ್ವನ್ನು ಒತ್ತದೆ, ಅದರ ಜಾರುಕೊಳವೆಯನ್ನು ಹೊರಗೆಳೆದು, ಆಮೇಲೆ ಒತ್ತಿರಿ: ‘ಟಪ್’ ಎಂದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಬಹುದು. ಅಗಲವಾದ ಬಾಯಿಯ ಅಂಚಿನಲ್ಲಿರುವ ಸಣ್ಣ ತಗ್ಗಿಗೆ ಅಂಜಬೇಕಿಲ್ಲ. ಊದುವ ತುದಿಯ ಕಿರಿದಾದ ಕೊಳವೆಯಲ್ಲಿ ತಗ್ಗಿದ್ದರೆ ದನಿ ಕೆಡುತ್ತದೆ. ಅಲ್ಲಿ ಕೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯೊಳಗಿನ ಸತುವು ಕರಗಿಹೋಗುತ್ತಿರಬಹುದು. ಅಂಥದನ್ನು ಅಗ್ಗವೆಂದು ತರಬೇಡಿ.

ತಂದ ಮೇಲೆ, ನುಡಿಸಿದ ಪ್ರತಿಸಲವೂ ನೀರು ಬಸಿದು ಒರಸಿಡಿ. ಪಿಸ್ಟನ್ನಿಗೆ ಅದಕ್ಕೆಂದೇ ದೊರೆಯುವ ಎಣ್ಣೆಯನ್ನು ಹಾಕಿ. ಕೊಬ್ಬರಿ ಎಣ್ಣೆ ಬರಬರುತ್ತ ಅಂಟಾಗುತ್ತದೆ. ಅಡಿಗೆಮನೆಯ ಕೊಳದಪ್ಪಲೆಯಂತೆ ಹುಣಿಸೆಹಣ್ಣಿನಿಂದ ತಿಕ್ಕಬೇಡಿ. ಮೆರವಣಿಗೆಯಿರಲಿ ಇಲ್ಲದಿರಲಿ, ತಿಂಗಳಿಗೊಮ್ಮೆಯಾದರೂ ಒಬ್ಬರು ಅದನ್ನು ಎತ್ತಿ ಊದಲಿ. ಆ ಒಬ್ಬರು ಯಾರೆಂಬುದನ್ನು ಚಂದಾ ಎತ್ತುವ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು.